ದೂರ ಆದದ್ದೋ, ದೂರ ಮಾಡಿದ್ದೋ?

ಗೆಳೆತನ ತಣ್ಣಗಾಯಿತು ಎನ್ನಲು ನಮ್ಮ ವಯಸ್ಸಿನವರ ಬಾಯಲ್ಲಿ ಈಗ ಎರಡೇ ಪದಗಳು ಉಳಿದಿವೆ. ಒಂದು ‘ಅವಾಯ್ಡ್’, ಇನ್ನೊಂದು ‘ಆಟಿಟ್ಯೂಡ್’. ಮೆಸೇಜಿಗೆ ಎರಡು ದಿನ ಉತ್ತರ ಬರಲಿಲ್ಲವೇ? ‘ಅವಳು ಅವಾಯ್ಡ್ ಮಾಡ್ತಿದಾಳೆ.’ ಬಸ್ ನಿಲ್ದಾಣದಲ್ಲಿ ಎದುರಾದವನು ನಿಂತು ಮಾತಾಡಲಿಲ್ಲವೇ? ‘ಕೆಲಸ ಸಿಕ್ಮೇಲೆ ಆಟಿಟ್ಯೂಡ್ ಬಂದ್ಬಿಟ್ಟಿದೆ ಮಗಾ.’ ಅಲ್ಲಿಗೆ ತೀರ್ಪು ಮುಗಿಯಿತು. ಮೇಲ್ಮನವಿಗೆ ಅವಕಾಶವಿಲ್ಲ.

ಎರಡೂ ಇಂಗ್ಲಿಷ್ ಪದಗಳೇ. ಆದರೆ ಮನಸ್ಸುಗಳು ದೂರವಾಗುವುದನ್ನು ಹೇಳಲು ಇಂಗ್ಲಿಷಿನಲ್ಲಿ ಇನ್ನೂ ಹತ್ತಾರು ಪದಗಳಿವೆ. ಡ್ರಿಫ್ಟ್ ಅಪಾರ್ಟ್, ಗ್ರೋ ಅಪಾರ್ಟ್, ಫಾಲ್ ಔಟ್, ಏಲಿಯನೇಟ್, ಎಸ್ಟ್ರೇಂಜ್, ಘೋಸ್ಟ್, ಅಲೂಫ್, ಡಿಟ್ಯಾಚ್ಡ್, ವಿತ್‌ಡ್ರಾನ್. ಬ್ಯಾಂಕಿಂಗ್, ಎಸ್‌ಎಸ್‌ಸಿ ಪರೀಕ್ಷೆಗಳಿಗೆ ಓದುವವರ ನೋಟ್‌ಬುಕ್ ತೆರೆದು ನೋಡಿ. ಸಮಾನಾರ್ಥಕ ಪದಗಳ ಪುಟದಲ್ಲಿ ಇವೆಲ್ಲ ಒಂದೇ ಸಾಲಿನಲ್ಲಿ ಕುಳಿತಿರುತ್ತವೆ. ಎದುರಿಗೆ ಒಂದೇ ಕನ್ನಡ ಅರ್ಥ: ‘ದೂರವಾಗು’.

ಆ ಸಾಲು ಪರೀಕ್ಷೆಯಲ್ಲಿ ಒಂದು ಅಂಕ ತಂದುಕೊಡಬಹುದು. ಬದುಕಿನಲ್ಲಿ ಅದನ್ನೇ ನಂಬಿ ನಡೆದರೆ ಒಬ್ಬ ಗೆಳೆಯನನ್ನೇ ಕಳೆದುಕೊಳ್ಳಬೇಕಾಗುತ್ತದೆ. ಯಾಕೆಂದರೆ ಇವು ಒಂದೇ ಅರ್ಥದ ಪದಗಳಲ್ಲ. ದೂರವಾದದ್ದು ಹೇಗೆ, ಯಾರಿಂದ, ಮರಳಿ ಬರುವ ದಾರಿ ಇದೆಯೇ ಎಂಬ ಪ್ರಶ್ನೆಗಳಿಗೆ ಒಂದೊಂದು ಪದವೂ ಒಂದೊಂದು ಉತ್ತರ ಕೊಡುತ್ತದೆ.

ಒಂದು ಪದ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಉದ್ಯೋಗಾಕಾಂಕ್ಷಿಗಳಿಗೆ ಬಿಡಿಸಿ ಹೇಳಬೇಕಿಲ್ಲ. 2024ರ ಆಗಸ್ಟ್ 27ರಂದು ನಡೆದ ಗೆಜೆಟೆಡ್ ಪ್ರೊಬೇಷನರಿ ಪೂರ್ವಭಾವಿ ಪರೀಕ್ಷೆಯಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಆದ ಅನುವಾದದ ದೋಷಗಳು ಎಷ್ಟು ದೊಡ್ಡ ಸುದ್ದಿಯಾದವೆಂದರೆ, ಡಿಸೆಂಬರ್ 29ರಂದು ಮರುಪರೀಕ್ಷೆಯೇ ನಡೆಯಿತು. ಪ್ರಶ್ನೆಪತ್ರಿಕೆಗಾದರೆ ಮರುಪರೀಕ್ಷೆ ಉಂಟು. ಹತ್ತಿರದವರ ಮೌನವನ್ನು ನಾವು ತಪ್ಪಾಗಿ ಅನುವಾದ ಮಾಡಿಕೊಂಡರೆ ಆ ಅವಕಾಶವನ್ನು ಯಾರೂ ಕೊಡುವುದಿಲ್ಲ.

ಹೆಸರಿನಲ್ಲೇ ಅಂತರ

ನನ್ನೂರು ಅಂತರಸನಹಳ್ಳಿ. ತುಮಕೂರಿನಿಂದ ಶಿರಾ ಕಡೆಗೆ ಹೊರಟವರಿಗೆ ಹೆದ್ದಾರಿಯ ಪಕ್ಕದ ಕೈಗಾರಿಕಾ ಪ್ರದೇಶವಾಗಿ, ತರಕಾರಿ ಮಾರುಕಟ್ಟೆಯಾಗಿ ಪರಿಚಯ. ‘ನಿಮ್ಮೂರ ಹೆಸರಲ್ಲೇ ಅಂತರ ಇದೆಯಲ್ಲ ಗುರು’ ಎಂದು ಕಾಲೇಜಿನಲ್ಲಿ ಕಾಲೆಳೆಯದ ಗೆಳೆಯರಿಲ್ಲ. ಕೋವಿಡ್ ಕಾಲದಲ್ಲಿ ಗೋಡೆ ಗೋಡೆಯ ಮೇಲೂ ‘ಅಂತರ ಕಾಪಾಡಿ’ ಎಂದು ಬರೆದಾಗಲಂತೂ ಕೇಳುವುದೇ ಬೇಡ.

ತಮಾಷೆ ಹಾಗಿರಲಿ, ‘ಅಂತರ’ ಎಂಬ ಪದವೇ ಒಂದು ವಿಚಿತ್ರ. ಎರಡು ವಸ್ತುಗಳ ನಡುವಿನ ದೂರವೂ ಅಂತರ. ‘ಅಂತರಂಗ’, ‘ಅಂತರಾತ್ಮ’ ಎಂದಾಗ ಒಳಗಿರುವುದೂ ಅದೇ. ಮನುಷ್ಯರ ನಡುವಿನ ದೂರಕ್ಕೆ ಇದಕ್ಕಿಂತ ಸರಿಯಾದ ಪದ ಸಿಗದು. ಆ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಲಾಗುವುದಿಲ್ಲ, ಅದು ಬೆಳೆಯುವುದು ಒಳಗೆ.

ಇಂಗ್ಲಿಷಿನ ಈ ಪದಗಳನ್ನು ಬೇರೆ ಬೇರೆ ಮಾಡಿ ನೆನಪಿಟ್ಟುಕೊಳ್ಳಲು ನಾನು ಕಂಡುಕೊಂಡ ಸುಲಭದ ದಾರಿಯೂ ಕನ್ನಡದ್ದೇ. ‘ಅವರು ದೂರ ಆದರು’, ‘ಅವರು ದೂರ ಮಾಡಿದರು’, ‘ಅವರು ದೂರ ಇದ್ದಾರೆ’. ಮೂರು ವಾಕ್ಯಗಳಲ್ಲೂ ‘ದೂರ’ ಇದೆ. ಆದರೆ ಆಗು, ಮಾಡು, ಇರು ಎಂಬ ಮೂರು ಕ್ರಿಯಾಪದಗಳು ಮೂರು ಬೇರೆ ಕಥೆ ಹೇಳುತ್ತವೆ. ಮೊದಲನೆಯದರಲ್ಲಿ ಯಾರ ತಪ್ಪೂ ಇಲ್ಲದಿರಬಹುದು. ಎರಡನೆಯದರಲ್ಲಿ ಮಾಡಿದವರು ಒಬ್ಬರಿದ್ದಾರೆ. ಮೂರನೆಯದು ಈಗಿನ ಸ್ಥಿತಿ ಮಾತ್ರ. ಕಾರಣ ಇನ್ನೂ ತಿಳಿಯಬೇಕಿದೆ. ಇಂಗ್ಲಿಷ್ ಪದಗಳನ್ನು ಈ ಮೂರು ಡಬ್ಬಿಗಳಿಗೆ ಹಾಕಿ ನೋಡೋಣ.

‘ಆಗು’ ಡಬ್ಬಿಯ ಪದಗಳು

ಡ್ರಿಫ್ಟ್ ಅಪಾರ್ಟ್. ‘ಡ್ರಿಫ್ಟ್’ ಮತ್ತು ‘ಡ್ರೈವ್’ ಒಂದೇ ಬೇರಿನ ಪದಗಳು. ಡ್ರೈವ್ ಎಂದರೆ ಓಡಿಸುವುದು; ಡ್ರಿಫ್ಟ್ ಎಂದರೆ ಗಾಳಿಯೋ ನೀರೋ ಓಡಿಸಿದತ್ತ ಹೋಗುವುದು. ಹುಟ್ಟು ಹಾಕುವವರಿಲ್ಲದ ಎರಡು ದೋಣಿಗಳು ಒಂದೇ ಕೆರೆಯಲ್ಲಿದ್ದರೂ ಸಂಜೆಯ ಹೊತ್ತಿಗೆ ಆ ದಡಕ್ಕೊಂದು ಈ ದಡಕ್ಕೊಂದು ಸೇರಿರುತ್ತವೆ. ಯಾರೂ ತಳ್ಳಿರುವುದಿಲ್ಲ.

ನನಗೆ ಗೊತ್ತಿರುವ ಇಬ್ಬರು ಹೀಗೆಯೇ ದೂರವಾದರು. ಪಿಯುಸಿಯಿಂದ ಪದವಿವರೆಗೆ ಒಂದೇ ಬೆಂಚು. ಪದವಿ ಮುಗಿದ ಮೇಲೆ ಒಬ್ಬನಿಗೆ ಇಲ್ಲೇ ಕಾರ್ಖಾನೆಯೊಂದರಲ್ಲಿ ಕೆಲಸ, ವಾರಕ್ಕೊಮ್ಮೆ ಬದಲಾಗುವ ಶಿಫ್ಟು. ಇನ್ನೊಬ್ಬನಿಗೆ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಕೆಲಸ, ದಿನವೂ ರೈಲಿನ ಓಡಾಟ. ಒಬ್ಬ ರಾತ್ರಿ ಪಾಳಿ ಮುಗಿಸಿ ಮಲಗುವ ಹೊತ್ತಿಗೆ ಇನ್ನೊಬ್ಬ ರೈಲು ಹತ್ತಿರುತ್ತಾನೆ. ಅವನು ವಾಪಸು ಬಂದು ಊಟಕ್ಕೆ ಕೂರುವಾಗ ಇವನು ಗೇಟಿನಲ್ಲಿ ಪಂಚ್ ಮಾಡುತ್ತಿರುತ್ತಾನೆ. ಭಾನುವಾರ ಒಬ್ಬನಿಗೆ ಬಟ್ಟೆ ಒಗೆಯುವ ದಿನ, ಇನ್ನೊಬ್ಬನಿಗೆ ಓಟಿ. ಮೊದಲು ದಿನಕ್ಕೊಂದು ಫೋನ್ ಇತ್ತು, ಆಮೇಲೆ ವಾರಕ್ಕೊಂದು, ಆಮೇಲೆ ಯುಗಾದಿಗೆ ಒಂದು ಫಾರ್ವರ್ಡ್ ಮೆಸೇಜು. ಜಗಳವಾಗಲಿಲ್ಲ, ಒಂದು ಕೆಟ್ಟ ಮಾತೂ ಬರಲಿಲ್ಲ. ಕಾರ್ಖಾನೆಯವನು ಒಂದು ದಿನ ನನ್ನ ಮುಂದೆ ಹೇಳಿದ, ‘ಬೆಂಗ್ಳೂರಿಗೆ ಹೋದ್ಮೇಲೆ ಅವ್ನು ನನ್ನ ಅವಾಯ್ಡ್ ಮಾಡ್ತಾವ್ನೆ ಕಣೋ.’

ಇಲ್ಲಿ ಪದವೇ ತಪ್ಪು. ಅವಾಯ್ಡ್ ಎಂಬುದು ‘ಮಾಡು’ ಡಬ್ಬಿಯ ಪದ. ಅದಕ್ಕೆ ಉದ್ದೇಶ ಬೇಕು. ಇಲ್ಲಿ ಉದ್ದೇಶವಿಲ್ಲ, ಇರುವುದು ಶಿಫ್ಟ್ ಪಟ್ಟಿ ಮತ್ತು ರೈಲಿನ ವೇಳಾಪಟ್ಟಿ. ‘ದೇ ಡ್ರಿಫ್ಟೆಡ್ ಅಪಾರ್ಟ್’ ಎನ್ನಬೇಕೇ ಹೊರತು ‘ಹೀ ಅವಾಯ್ಡೆಡ್ ಹಿಮ್’ ಎನ್ನುವಂತಿಲ್ಲ. ವ್ಯಾಕರಣವನ್ನೂ ಗಮನಿಸಿ: ಡ್ರಿಫ್ಟ್ ಅಪಾರ್ಟ್‌ಗೆ ಕರ್ತೃ ಇಬ್ಬರು, ಕರ್ಮ ಯಾರೂ ಇಲ್ಲ. ‘ಹೀ ಡ್ರಿಫ್ಟೆಡ್ ಮೀ ಅಪಾರ್ಟ್’ ಎಂಬ ವಾಕ್ಯವೇ ಇಂಗ್ಲಿಷಿನಲ್ಲಿ ಇಲ್ಲ. ಭಾಷೆಯೇ ಒಬ್ಬರ ಮೇಲೆ ತಪ್ಪು ಹೊರಿಸಲು ಬಿಡುವುದಿಲ್ಲ. ಇಂಥ ದೂರಕ್ಕೆ ಮದ್ದೂ ಸುಲಭ. ಇಬ್ಬರಲ್ಲಿ ಒಬ್ಬರು ಹುಟ್ಟು ಹಾಕಿದರೆ ಸಾಕು.

ಗ್ರೋ ಅಪಾರ್ಟ್ ಇದರ ಪಕ್ಕದ ಮನೆಯ ಪದ. ಆದರೆ ಇಲ್ಲಿ ‘ಗ್ರೋ’ ಇದೆ, ಅಂದರೆ ಬೆಳವಣಿಗೆ. ಹುಣಸೆ ಮರದ ಎರಡು ಕೊಂಬೆಗಳು ಒಂದೇ ಬೊಡ್ಡೆಯಿಂದ ಹೊರಟು, ಬೆಳೆಯುತ್ತ ಬೆಳೆಯುತ್ತ ಎರಡು ದಿಕ್ಕಿಗೆ ಹೋಗುವ ಹಾಗೆ. ಹೈಸ್ಕೂಲಿನಲ್ಲಿ ಒಂದೇ ಹೀರೋನ ಅಭಿಮಾನಿಗಳಾಗಿದ್ದ ಇಬ್ಬರಲ್ಲಿ ಒಬ್ಬಳು ಈಗ ಸಂಶೋಧನೆ, ವಿಚಾರ ಸಂಕಿರಣ ಎನ್ನುತ್ತಾಳೆ, ಇನ್ನೊಬ್ಬಳು ಬ್ಯೂಟಿ ಪಾರ್ಲರ್ ತೆರೆದು ಸಾಲದ ಕಂತಿನ ಲೆಕ್ಕ ಹಾಕುತ್ತಾಳೆ. ಭೇಟಿಯಾದಾಗ ಪ್ರೀತಿ ಇದೆ, ಮಾತು ಮಾತ್ರ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಇದನ್ನು ದುರಂತ ಎನ್ನಬೇಕಿಲ್ಲ. ಡ್ರಿಫ್ಟ್ ಆದವರನ್ನು ಒಂದು ಫೋನ್ ಕರೆ ಹತ್ತಿರ ತರಬಹುದು. ಗ್ರೋ ಅಪಾರ್ಟ್ ಆದವರು ಮತ್ತೆ ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಾಗುತ್ತದೆ.

ಫಾಲ್ ಔಟ್ ಎಂದರೆ ಜಗಳವಾಗಿ ಮುರಿಯುವುದು. ಯಾರೊಂದಿಗೆ ಎಂಬುದಕ್ಕೆ ‘ವಿತ್’, ಯಾವ ವಿಷಯಕ್ಕೆ ಎಂಬುದಕ್ಕೆ ‘ಓವರ್’ ಬಳಸಬೇಕು: ‘ಹೀ ಫೆಲ್ ಔಟ್ ವಿತ್ ಹಿಸ್ ಬ್ರದರ್ ಓವರ್ ಎ ಸೈಟ್.’ ಪರೀಕ್ಷೆ ಬರೆಯುವವರಿಗೆ ಒಂದು ಎಚ್ಚರಿಕೆ: ಎರಡೂ ಪದ ಸೇರಿಸಿ ‘ಫಾಲ್‌ಔಟ್’ ಎಂದು ಬರೆದರೆ ಅರ್ಥವೇ ಬೇರೆ. ಅದು ಅಣುಸ್ಫೋಟದ ನಂತರ ಉದುರುವ ವಿಕಿರಣದ ಧೂಳು. ಅಲ್ಲಿಂದ ಮುಂದೆ ಯಾವುದೇ ಘಟನೆಯ ಕೆಟ್ಟ ಪರಿಣಾಮ. ಜಗಳಕ್ಕೆ ನಾಮಪದ ಬೇಕಾದರೆ ‘ಫಾಲಿಂಗ್ ಔಟ್’ ಎನ್ನಬೇಕು.

‘ಮಾಡು’ ಡಬ್ಬಿಯ ಪದಗಳು

ಈ ಡಬ್ಬಿಯ ದೊಡ್ಡ ಪದ ಏಲಿಯನೇಟ್. ಲ್ಯಾಟಿನಿನಲ್ಲಿ ‘ಏಲಿಯೆನಸ್’ ಎಂದರೆ ಬೇರೊಬ್ಬರಿಗೆ ಸೇರಿದ್ದು. ನಮ್ಮ ಕಡೆ ಇದನ್ನು ಇಂಗ್ಲಿಷ್ ಮೇಷ್ಟ್ರಿಗಿಂತ ಮೊದಲು ಜಮೀನಿನ ವ್ಯವಹಾರದವರು ಕಲಿಸುತ್ತಾರೆ. ‘ಅಲಿನೇಷನ್ ಆಗಿರೋ ಜಾಗ’ ಎಂಬ ಮಾತನ್ನು ಸೈಟು ನೋಡಲು ಹೋದವರು ಕೇಳಿರುತ್ತೀರಿ. ಕಾನೂನಿನಲ್ಲಿ ಇದಕ್ಕೆ ‘ಪರಭಾರೆ’ ಎಂಬ ಅಚ್ಚುಕಟ್ಟಾದ ಪದವಿದೆ: ನಮ್ಮದಾಗಿದ್ದ ಆಸ್ತಿಯನ್ನು ಪರರ ವಶಕ್ಕೆ ಕೊಡುವುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಹೀಗೆ ಕೈತಪ್ಪಬಾರದೆಂದೇ ಕರ್ನಾಟಕದಲ್ಲಿ 1978ರ ಪಿಟಿಸಿಎಲ್ ಕಾಯ್ದೆ ಬಂತು.

ಮನಸ್ಸಿನ ವಿಷಯದಲ್ಲೂ ಏಲಿಯನೇಟ್ ಎಂದರೆ ಪರಭಾರೆಯೇ. ನಮ್ಮವರಾಗಿದ್ದವರನ್ನು ನಮ್ಮ ನಡೆಯಿಂದಲೇ ಪರರನ್ನಾಗಿ ಮಾಡಿಬಿಡುವುದು. ಈ ಪದಕ್ಕೆ ಕರ್ಮ ಇರಲೇಬೇಕು: ‘ಹೀ ಏಲಿಯನೇಟೆಡ್ ಹಿಸ್ ಫ್ರೆಂಡ್ಸ್.’ ಮಾಡಿದವನು ಬೇಕೆಂದೇ ಮಾಡಿರಬೇಕಿಲ್ಲ ಎಂಬುದು ಇದರ ವಿಶೇಷ. ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೆಲಸ ಸಿಕ್ಕವನೊಬ್ಬ ದಿನವೂ ಪ್ಯಾಕೇಜು, ಇನ್ಕ್ರಿಮೆಂಟು, ಆಫೀಸಿನ ಕ್ಯಾಂಟೀನಿನ ಫೋಟೊ ಹಾಕುತ್ತಾನೆ ಎನ್ನಿ. ಅವನಿಗೆ ಅದು ಸಂಭ್ರಮ. ಇನ್ನೂ ಅರ್ಜಿ ತುಂಬುತ್ತಿರುವ ಇಪ್ಪತ್ತು ಜನ ಒಬ್ಬೊಬ್ಬರಾಗಿ ಗುಂಪನ್ನು ಮ್ಯೂಟ್ ಮಾಡುತ್ತಾರೆ. ಯಾರೂ ಜಗಳವಾಡಿಲ್ಲ, ಆದರೆ ಇದು ಡ್ರಿಫ್ಟ್ ಅಲ್ಲ, ಏಲಿಯನೇಷನ್. ಕಾರಣ ಒಬ್ಬನ ನಡೆಯಲ್ಲಿದೆ, ಹಾಗಾಗಿ ಪರಿಹಾರವೂ ಅವನ ಕೈಯಲ್ಲೇ ಇದೆ.

ಇದೇ ಪದವನ್ನು ಕಾರ್ಲ್ ಮಾರ್ಕ್ಸ್ ತನ್ನ 1844ರ ಹಸ್ತಪ್ರತಿಗಳಲ್ಲಿ ಕಾರ್ಖಾನೆಯ ಕೆಲಸಗಾರನಿಗೆ ಬಳಸಿದ. ತಾನು ಮಾಡಿದ ವಸ್ತು ತನ್ನದಲ್ಲ, ಮಾಡುವ ಕೆಲಸವೂ ತನ್ನದಲ್ಲ ಎಂದಾದಾಗ ಮನುಷ್ಯ ಪಕ್ಕದಲ್ಲಿ ನಿಂತವನಿಂದಲೂ ದೂರವಾಗುತ್ತಾನೆ ಎಂಬುದು ಅವನ ವಾದದ ತಿರುಳು. ಒಂದೇ ಯಂತ್ರದ ಅಕ್ಕಪಕ್ಕ ನಿಂತವರು ತಿಂಗಳುಗಟ್ಟಲೆ ಹೆಸರೂ ಕೇಳಿಕೊಳ್ಳದೆ ದುಡಿಯುವುದನ್ನು ಕೈಗಾರಿಕಾ ಪ್ರದೇಶದಲ್ಲಿ ಕಂಡವರಿಗೆ ಇದು ಪುಸ್ತಕದ ಮಾತು ಎನಿಸುವುದಿಲ್ಲ.

ಎಸ್ಟ್ರೇಂಜ್ ಪದದೊಳಗೆ ‘ಸ್ಟ್ರೇಂಜರ್’ ಕುಳಿತಿದ್ದಾನೆ. ಹೊರಗಿನವರು ಎಂಬ ಅರ್ಥದ ಲ್ಯಾಟಿನ್ ಪದದಿಂದ ಫ್ರೆಂಚಿನ ಮೂಲಕ ಬಂದದ್ದು. ಆಲ್ಬೆರ್ ಕಮೂ 1942ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕಾದಂಬರಿಯ ಫ್ರೆಂಚ್ ಹೆಸರು ‘ಲೆತ್ರಾಂಜೆ’ ಕೂಡ ಇದೇ ಬಳ್ಳಿಯದು. ಆದರೆ ಒಂದು ಸೂಕ್ಷ್ಮ ಗಮನಿಸಿ. ನಿಜವಾದ ಅಪರಿಚಿತರಿಂದ ಯಾರೂ ಎಸ್ಟ್ರೇಂಜ್ ಆಗಲು ಸಾಧ್ಯವಿಲ್ಲ. ಒಂದು ಕಾಲಕ್ಕೆ ಬಹಳ ಹತ್ತಿರದವರಾಗಿದ್ದವರಿಗೆ ಮಾತ್ರ ಈ ಪದ ಸಲ್ಲುತ್ತದೆ. ಹೆಚ್ಚಾಗಿ ಗಂಡ-ಹೆಂಡತಿ, ಅಪ್ಪ-ಮಗ, ಅಣ್ಣ-ತಮ್ಮಂದಿರಿಗೆ.

ಇಂಗ್ಲಿಷ್ ಪತ್ರಿಕೆಗಳ ಕೋರ್ಟ್ ಸುದ್ದಿಯಲ್ಲಿ ‘ಎಸ್ಟ್ರೇಂಜ್ಡ್ ವೈಫ್’ ಎಂಬ ಮಾತು ಸಾಮಾನ್ಯ. ಇದನ್ನು ‘ವಿಚ್ಛೇದಿತ ಪತ್ನಿ’ ಎಂದು ಅರ್ಥ ಮಾಡಿಕೊಂಡರೆ ತಪ್ಪು. ಮದುವೆ ಕಾನೂನಿನ ಪ್ರಕಾರ ಇನ್ನೂ ಉಳಿದಿದೆ; ಮನಸ್ಸು, ಮನೆ ಬೇರೆಯಾಗಿವೆ ಅಷ್ಟೆ. ‘ಪರಿತ್ಯಕ್ತ’ ಎಂದರೂ ಸರಿಯಲ್ಲ, ಅದರಲ್ಲಿ ಒಬ್ಬರು ಬಿಟ್ಟುಹೋದರು ಎಂಬ ಆರೋಪವಿದೆ. ‘ದೂರವಾಗಿ ಬದುಕುತ್ತಿರುವ’ ಎಂಬುದು ಹತ್ತಿರದ ಅನುವಾದ. ಇದರ ಜೊತೆ ಬರುವ ವಿಭಕ್ತಿ ‘ಫ್ರಮ್’: ‘ಎಸ್ಟ್ರೇಂಜ್ಡ್ ಫ್ರಮ್ ಹಿಸ್ ಫಾದರ್.’

ಇನ್ನು ಬೇಕೆಂದೇ ಮಾಡುವವು. ಕೋಲ್ಡ್ ಶೋಲ್ಡರ್ ಕೊಡುವುದು ಎಂದರೆ ಎದುರಿಗಿದ್ದರೂ ಇಲ್ಲದಂತೆ ಭುಜ ತಿರುಗಿಸುವುದು. ನಮ್ಮಲ್ಲಿ ಮುಖ ತಿರುಗಿಸುತ್ತೇವೆ, ಅವರು ಭುಜ ತಿರುಗಿಸುತ್ತಾರೆ. ಬೇಡದ ಅತಿಥಿಗೆ ತಣ್ಣಗಿನ ಕುರಿಮಾಂಸ ಬಡಿಸುತ್ತಿದ್ದುದರಿಂದ ಈ ಮಾತು ಹುಟ್ಟಿತು ಎಂಬ ಕಥೆ ಇಂಟರ್ನೆಟ್ಟಿನಲ್ಲಿ ಓಡಾಡುತ್ತದೆ. ಅದು ಆಮೇಲೆ ಕಟ್ಟಿದ ಕಥೆ. ವಾಲ್ಟರ್ ಸ್ಕಾಟ್‌ನ 1816ರ ‘ದಿ ಆ್ಯಂಟಿಕ್ವರಿ’ ಕಾದಂಬರಿಯಲ್ಲೇ ಈ ನುಡಿಗಟ್ಟು ಬರುತ್ತದೆ, ಅಲ್ಲಿ ಮಾಂಸದ ಪ್ರಸ್ತಾಪವಿಲ್ಲ.

ಸ್ಟೋನ್‌ವಾಲ್ ಎಂಬುದು ಕ್ರಿಕೆಟ್ ಪ್ರಿಯರಿಗೆ ಗೊತ್ತಿರುವ ಪದ. ರನ್ ಹೊಡೆಯದೆ, ಔಟೂ ಆಗದೆ, ಚೆಂಡನ್ನು ಸುಮ್ಮನೆ ತಡೆಯುತ್ತ ನಿಲ್ಲುವ ಬ್ಯಾಟರ್‌ಗೆ ಹಾಗೆನ್ನುತ್ತಾರೆ. ನಮ್ಮ ರಾಹುಲ್ ದ್ರಾವಿಡ್ ‘ದಿ ವಾಲ್’ ಆದಾಗ ನಾಡೇ ಹೆಮ್ಮೆಪಟ್ಟಿತು. ಆದರೆ ಪಿಚ್‌ನ ಮೇಲೆ ಗುಣವಾದದ್ದು ಮನೆಯಲ್ಲಿ ಗುಣವಲ್ಲ. ಅಮ್ಮ ಕೇಳಿದ ಪ್ರತಿ ಪ್ರಶ್ನೆಗೂ ‘ಹ್ಞೂಂ’, ‘ಗೊತ್ತಿಲ್ಲ’, ‘ಆಮೇಲೆ’ ಎಂದು ಡಿಫೆನ್ಸ್ ಆಡುವುದೇ ಸ್ಟೋನ್‌ವಾಲಿಂಗ್. ಸಂಬಂಧಗಳನ್ನು ಹಾಳು ಮಾಡುವ ನಾಲ್ಕು ಮುಖ್ಯ ನಡವಳಿಕೆಗಳನ್ನು ಗುರುತಿಸಿದ ಅಮೆರಿಕದ ಮನೋವಿಜ್ಞಾನಿ ಜಾನ್ ಗಾಟ್‌ಮನ್, ಟೀಕೆ, ತಿರಸ್ಕಾರ, ಸಮರ್ಥನೆಗಳ ಜೊತೆ ಇದನ್ನೂ ಸೇರಿಸಿದ್ದಾರೆ.

ಘೋಸ್ಟಿಂಗ್ ನಮ್ಮ ಕಾಲದ ಪದ. ಮೆರಿಯಮ್-ವೆಬ್‌ಸ್ಟರ್ ನಿಘಂಟಿಗೆ ಈ ಅರ್ಥದಲ್ಲಿ ಸೇರಿದ್ದು 2017ರಲ್ಲಿ. ಕಾರಣ ಹೇಳದೆ, ಜಗಳವನ್ನೂ ಆಡದೆ, ಫೋನು, ಮೆಸೇಜು ಎಲ್ಲ ನಿಲ್ಲಿಸಿ ದೆವ್ವದಂತೆ ಮಾಯವಾಗುವುದು. ಅದಕ್ಕೂ ಮೊದಲೇ, 2014ರ ನವೆಂಬರಿನಲ್ಲಿ, ವಾಟ್ಸ್‌ಆ್ಯಪ್‌ಗೆ ನೀಲಿ ಟಿಕ್ ಬಂದಿತ್ತು. ಪತ್ರದ ಕಾಲದಲ್ಲಿ ‘ತಲುಪಿಲ್ಲವೇನೋ’ ಎಂದು ಸಮಾಧಾನಪಡಲು ಜಾಗವಿತ್ತು. ನೀಲಿ ಟಿಕ್ ಆ ಜಾಗವನ್ನೂ ಕಿತ್ತುಕೊಂಡಿತು.

ಉದ್ಯೋಗಾಕಾಂಕ್ಷಿಗಳಿಗೆ ಪ್ರೀತಿಪ್ರೇಮಕ್ಕಿಂತ ಹೆಚ್ಚು ಪರಿಚಯವಿರುವುದು ಕಂಪನಿಗಳ ಘೋಸ್ಟಿಂಗ್. ಮೂರು ಸುತ್ತು ಸಂದರ್ಶನ ಮಾಡಿ, ‘ವಿ ವಿಲ್ ಗೆಟ್ ಬ್ಯಾಕ್ ಟು ಯೂ’ ಎಂದವರು ಮತ್ತೆ ಸಿಗುವುದಿಲ್ಲ. ಮೇಲ್‌ಗೆ ಉತ್ತರವಿಲ್ಲ, ಎಚ್‌ಆರ್ ಫೋನ್ ಎತ್ತುವುದಿಲ್ಲ. ಆ ಮೌನವನ್ನು ‘ನಾನು ಯೋಗ್ಯನಲ್ಲ’ ಎಂದು ಅನುವಾದಿಸಿಕೊಳ್ಳುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ಘೋಸ್ಟ್ ಕೂಡ ‘ಮಾಡು’ ಡಬ್ಬಿಯ ಪದ. ಕರ್ತೃ ಅವರು, ನೀವಲ್ಲ. ಒಂದು ವಾರ ಬಿಟ್ಟು ಮರ್ಯಾದೆಯಿಂದ ಒಂದು ಮೇಲ್ ಬರೆಯಿರಿ, ಉತ್ತರ ಬಾರದಿದ್ದರೆ ಮುಂದಿನ ಅರ್ಜಿಗೆ ಹೊರಡಿ.

‘ಇರು’ ಡಬ್ಬಿಯ ಪದಗಳು

ಎಲ್ಲಕ್ಕಿಂತ ಹೆಚ್ಚು ಎಡವುವುದು ಇಲ್ಲಿಯೇ. ಹೊರಗಿನಿಂದ ನೋಡಿದರೆ ಈ ಡಬ್ಬಿಯ ಪದಗಳೆಲ್ಲ ಒಂದೇ ರೀತಿ ಕಾಣುತ್ತವೆ: ಮಾತು ಕಡಿಮೆ, ಬರುವುದು ಕಡಿಮೆ, ನಗು ಕಡಿಮೆ.

ಡಿಸ್ಟೆಂಟ್ ಇವುಗಳಲ್ಲಿ ತಟಸ್ಥ ಪದ. ಬಿಡಿಸಿದರೆ ‘ದೂರ ನಿಂತಿರುವುದು’ ಎಂದಷ್ಟೇ ಅರ್ಥ. ಕಾರಣ ಗೊತ್ತಿಲ್ಲದಾಗ ಬಳಸಲು ಇದೇ ಸುರಕ್ಷಿತ: ‘ಯೂ ಸೀಮ್ ಡಿಸ್ಟೆಂಟ್ ದೀಸ್ ಡೇಸ್.’ ಇದರಲ್ಲಿ ಆರೋಪವಿಲ್ಲ, ಕಾಳಜಿ ಇದೆ.

ಅಲೂಫ್ ಹಡಗಿನವರ ಮಾತು. ಗಾಳಿ ಹಡಗನ್ನು ದಡದ ಬಂಡೆಗಳತ್ತ ತಳ್ಳುವಾಗ, ಮೂತಿಯನ್ನು ಗಾಳಿಯ ದಿಕ್ಕಿಗೆ ತಿರುಗಿಸಿ ದಡದಿಂದ ದೂರ ಇಟ್ಟುಕೊಳ್ಳುವುದಕ್ಕೆ ಹಾಗೆನ್ನುತ್ತಿದ್ದರು. ಅಪಾಯದಿಂದ ಪಾರಾಗುವ ಉಪಾಯವಾಗಿದ್ದ ಪದಕ್ಕೆ ಇಂದು ಗರ್ವದ ವಾಸನೆ ಅಂಟಿದೆ. ಯಾರನ್ನಾದರೂ ಅಲೂಫ್ ಎಂದರೆ ‘ತನ್ನ ಪಾಡಿಗೆ ತಾನಿರುವ, ಸ್ವಲ್ಪ ಬಿಗುಮಾನದ’ ಎಂದಂತೆ. ನಮ್ಮ ‘ಆಟಿಟ್ಯೂಡ್’ ಹೇಳಲು ಹೊರಟಿರುವುದು ಬಹುಮಟ್ಟಿಗೆ ಇದನ್ನೇ.

ಡಿಟ್ಯಾಚ್ಡ್ ಪದದ ಬೇರು ಗೂಟ ಎಂಬ ಅರ್ಥದಲ್ಲಿದೆ. ಅಟ್ಯಾಚ್ ಎಂದರೆ ಗೂಟಕ್ಕೆ ಕಟ್ಟುವುದು, ಡಿಟ್ಯಾಚ್ ಎಂದರೆ ಬಿಚ್ಚುವುದು. ನ್ಯಾಯಾಧೀಶ, ವೈದ್ಯ, ಅಂಪೈರ್‌ಗಳಿಗೆ ಇದು ಬೇಕಾದ ಗುಣ. ಗೀತೆಯ ಇಂಗ್ಲಿಷ್ ಅನುವಾದಗಳಲ್ಲಿ ಅನಾಸಕ್ತಿಗೆ ‘ಡಿಟ್ಯಾಚ್‌ಮೆಂಟ್’ ಎಂದೇ ಬಳಸುವುದರಿಂದ ಭಾರತೀಯರಿಗೆ ಈ ಪದದ ಮೇಲೆ ಗೌರವ. ಈಗ ರೀಲ್ಸ್‌ಗಳಲ್ಲಿ ‘ಡಿಟ್ಯಾಚ್ ಆಗು ಮಗಾ’ ಎಂಬ ಉಪದೇಶ ಧಾರಾಳ. ಆದರೆ ಕನ್ನಡದಲ್ಲಿ ನಿರ್ಲಿಪ್ತತೆ ಬೇರೆ, ನಿರ್ಲಕ್ಷ್ಯ ಬೇರೆ. ನಿರ್ಲಿಪ್ತನಿಗೆ ಎಲ್ಲವೂ ಕಾಣುತ್ತದೆ, ಅಂಟಿಕೊಳ್ಳುವುದಿಲ್ಲ. ನಿರ್ಲಕ್ಷ್ಯದವನು ನೋಡುವುದೇ ಇಲ್ಲ. ಫೋನ್ ಎತ್ತದಿರುವುದನ್ನು ವೈರಾಗ್ಯ ಎಂದುಕೊಳ್ಳುವ ಮುನ್ನ ಈ ವ್ಯತ್ಯಾಸ ನೆನಪಿರಲಿ.

ಕೊನೆಯದು ವಿತ್‌ಡ್ರಾನ್. ಬ್ಯಾಂಕಿನ ವಿತ್‌ಡ್ರಾವಲ್ ಸ್ಲಿಪ್ ತುಂಬಿದವರಿಗೆಲ್ಲ ಈ ಪದ ಗೊತ್ತು. ಖಾತೆಯಿಂದ ಹಣ ವಾಪಸು ತೆಗೆಯುವ ಹಾಗೆ, ಜನರ ನಡುವಿನಿಂದ ತನ್ನನ್ನು ತಾನೇ ವಾಪಸು ತೆಗೆದುಕೊಂಡವರು ವಿತ್‌ಡ್ರಾನ್. ಇಲ್ಲಿ ಗರ್ವವಿಲ್ಲ, ವೈರಾಗ್ಯವೂ ಇಲ್ಲ. ಹೆಚ್ಚಿನ ಸಲ ಇರುವುದು ನೋವು, ನಾಚಿಕೆ, ಸುಸ್ತು.

ನಮ್ಮ ಓದಿನ ಬಳಗದಲ್ಲಿ ಹೀಗೊಬ್ಬ ಇದ್ದ. ಎಲ್ಲರಿಗಿಂತ ಮೊದಲು ಬಂದು ಜಾಗ ಹಿಡಿದು, ಚಳಿಗಾಲದಲ್ಲಿ ಎಲ್ಲರಿಗೂ ಟೀ ಕೊಡಿಸುತ್ತಿದ್ದವನು. ಮೂರನೇ ಸಲವೂ ಆಯ್ಕೆ ಪಟ್ಟಿಯಲ್ಲಿ ಹೆಸರು ಬಾರದಿದ್ದಾಗ ಬರುವುದು ನಿಲ್ಲಿಸಿದ. ಗುಂಪಿನಿಂದ ಹೊರಹೋದ. ದಾರಿಯಲ್ಲಿ ಕಂಡರೆ ಹೆಲ್ಮೆಟ್ ತೆಗೆಯದೆ ಹೋಗುತ್ತಿದ್ದ. ಬಳಗದ ಬಹುಮತದ ತೀರ್ಪು: ‘ಆಟಿಟ್ಯೂಡ್.’ ಒಬ್ಬಳು ಮಾತ್ರ ಒಪ್ಪಲಿಲ್ಲ. ‘ಅದು ಕೊಬ್ಬಲ್ಲ ಕಣ್ರೋ. ಅವ್ನು ಒಳಗಿಂದ ಚಿಲಕ ಹಾಕ್ಕೊಂಡಿದಾನೆ’ ಎಂದಳು. ಸಂಜೆ ನಾವು ಮೂವರು ಅವನ ಮನೆಗೆ ಹೋದೆವು. ಅವನ ತಾಯಿ ಬಾಗಿಲಲ್ಲೇ ಹೇಳಿದರು, ‘ಬನ್ನಿ ಮಕ್ಳೇ, ನೀವಾದ್ರೂ ಬಂದ್ರಲ್ಲ. ಒಂದ್ ತಿಂಗ್ಳಾಯ್ತು, ನೆಟ್ಟಗೆ ಊಟಕ್ಕೇ ಕೂತಿಲ್ಲ.’

ಅವನು ಅಂದು ಹೆಚ್ಚು ಮಾತಾಡಲಿಲ್ಲ. ಪರೀಕ್ಷೆಯ ಸುದ್ದಿಯನ್ನು ನಾವೂ ಎತ್ತಲಿಲ್ಲ. ವಾರಕ್ಕೆರಡು ಸಲ ಹೋಗತೊಡಗಿದೆವು. ಮಾನಸಿಕ ಆರೋಗ್ಯಕ್ಕಾಗಿ 2022ರ ಅಕ್ಟೋಬರಿನಲ್ಲಿ ಆರಂಭವಾದ ಉಚಿತ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಅವನೇ ಒಂದು ರಾತ್ರಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಿದನಂತೆ. ಈಗ ಬೆಳಗಿನ ಜಾವ ಮಾರುಕಟ್ಟೆಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ, ಸಂಜೆ ಓದಲು ಬರುತ್ತಾನೆ. ಕೆಲಸ ಇನ್ನೂ ಸಿಕ್ಕಿಲ್ಲ. ಅಲೂಫ್ ಎಂದುಕೊಂಡಿದ್ದರೆ ನಾವು ಅವನನ್ನು ಬಿಟ್ಟೇಬಿಡುತ್ತಿದ್ದೆವು, ಯಾಕೆಂದರೆ ಗರ್ವದವರ ಮನೆಬಾಗಿಲಿಗೆ ಯಾರೂ ಹೋಗುವುದಿಲ್ಲ. ವಿತ್‌ಡ್ರಾನ್ ಎಂದು ತಿಳಿದಾಗಲೇ ಹೋಗಬೇಕು ಎನಿಸುವುದು.

ನಮ್ಮಲ್ಲಿ ಪದವಿಲ್ಲವೇ?

ಇಷ್ಟೆಲ್ಲ ಓದಿ ‘ಕನ್ನಡದಲ್ಲಿ ಪದಗಳು ಕಡಿಮೆ’ ಎಂದುಕೊಂಡರೆ ಅದು ಅನ್ಯಾಯ. ಇಂಗ್ಲಿಷ್ ಕವಿತೆಗಳ ಭಾವವನ್ನು ‘ಇಂಗ್ಲಿಷ್ ಗೀತಗಳು’ ಸಂಕಲನದ ಮೂಲಕ ಕನ್ನಡಕ್ಕೆ ಕರೆತಂದ ಬಿ.ಎಂ. ಶ್ರೀಕಂಠಯ್ಯ ಹುಟ್ಟಿದ್ದು ನಮ್ಮದೇ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, 1884ರಲ್ಲಿ. ಆ ಕೆಲಸ ಸಾಧ್ಯವಾದದ್ದು ಈ ಭಾಷೆಯಲ್ಲಿ ಸಾಮಗ್ರಿ ಇದ್ದುದರಿಂದಲೇ.

ಮನೆಯಲ್ಲಿ ಅಜ್ಜಿಯರ ಮಾತು ಕೇಳಿಸಿಕೊಳ್ಳಿ. ‘ಅವರಿಬ್ಬರೂ ಮಾತು ಬಿಟ್ಟವ್ರೆ’ ಎಂದರೆ ಜಗಳವಾಗಿದೆ. ‘ಅಣ್ಣತಮ್ಮಂದಿರು ಬೇರೆ ಆದ್ರು’ ಎಂದರೆ ಒಲೆ ಬೇರೆಯಾಗಿದೆ, ಹಬ್ಬಕ್ಕೆ ಒಟ್ಟಿಗೇ ಕೂರುತ್ತಾರೆ. ‘ಈಗ ಅಷ್ಟಕ್ಕಷ್ಟೆ’ ಎಂದರೆ ಎದುರಾದರೆ ಮಾತುಂಟು, ಹುಡುಕಿಕೊಂಡು ಹೋಗುವುದಿಲ್ಲ. ‘ಮನಸ್ಸು ಮುರೀತು’ ಎಂದರೆ ಮತ್ತೆ ಕೂಡುವುದು ಕಷ್ಟ. ಒಂದೊಂದೂ ಅಳತೆಗೋಲು ಹಿಡಿದು ದೂರ ಹೇಳುತ್ತದೆ.

ಇವುಗಳ ನಡುವೆ ಇಂಗ್ಲಿಷಿಗೆ ಸಿಗದ ಒಂದು ಪದವಿದೆ: ಮುನಿಸು. ‘ಸಲ್ಕ್’ ಎನ್ನಬಹುದು, ಆದರೆ ಅದರಲ್ಲಿ ಮಕ್ಕಳಾಟ ಎಂಬ ತಿರಸ್ಕಾರವಿದೆ. ಮುನಿಸು ಬರುವುದು ನಮ್ಮವರ ಮೇಲೆ ಮಾತ್ರ. ಅದರಲ್ಲಿ ದೂರ ಹೋಗುವುದರ ಜೊತೆಗೇ ‘ಬಂದು ಕರೆಯಲಿ’ ಎಂಬ ನಿರೀಕ್ಷೆಯೂ ಇರುತ್ತದೆ. ವೈಷ್ಣವ ದೇವಾಲಯಗಳ ಬ್ರಹ್ಮೋತ್ಸವದಲ್ಲಿ ‘ಪ್ರಣಯ ಕಲಹ’ ಎಂಬ ಉತ್ಸವವೇ ಉಂಟು. ಮುನಿದ ಅಮ್ಮನವರು ಬಾಗಿಲು ಹಾಕಿಕೊಳ್ಳುತ್ತಾರೆ, ಸ್ವಾಮಿ ಹೊರಗೆ ನಿಂತು ಸಮಾಧಾನ ಹೇಳಬೇಕು. ದೇವರಿಗೇ ತಪ್ಪದ್ದು ನಮಗೆ ತಪ್ಪೀತೇ? ಇಂಥ ಮುನಿಸನ್ನು ನಾವು ‘ಅವಾಯ್ಡ್’ ಎಂದು ಓದಿಕೊಂಡು ಸುಮ್ಮನಾದರೆ, ಆ ಕಡೆಯವರು ಬಾಗಿಲ ಹಿಂದೆ ಕಾಯುತ್ತಲೇ ಉಳಿಯುತ್ತಾರೆ.

ಪದ ಆರಿಸುವ ಮುನ್ನ

ಹಾಗಾಗಿ ಯಾರಾದರೂ ದೂರವಾದರು ಎನಿಸಿದಾಗ ಮೂರು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಇದು ಆದದ್ದೋ, ಯಾರಾದರೂ ಮಾಡಿದ್ದೋ? ಮಾಡಿದ್ದಾದರೆ ಬೇಕೆಂದು ಮಾಡಿದ್ದೋ, ತಿಳಿಯದೆಯೋ? ಅವರು ನನ್ನಿಂದ ಮಾತ್ರ ದೂರವಿದ್ದಾರೋ, ಎಲ್ಲರಿಂದಲೋ? ಮೂರನೆಯದಕ್ಕೆ ‘ಎಲ್ಲರಿಂದ’ ಎಂಬ ಉತ್ತರ ಬಂದರೆ ತಡಮಾಡಬೇಡಿ. ಅಲ್ಲಿ ಬೇಕಿರುವುದು ವಿವರಣೆಯಲ್ಲ, ಜೊತೆ.

ಆದದ್ದಾದರೆ ಒಂದು ಫೋನ್ ಮಾಡಿ. ತಿಳಿಯದೆ ಮಾಡಿದ್ದಾದರೆ ತಿಳಿಸಿ ಹೇಳಿ. ಬೇಕೆಂದೇ ಮಾಡಿದ್ದಾದರೆ ಗೌರವದಿಂದ ಬಿಟ್ಟುಕೊಡಿ. ಎಲ್ಲ ಬಾಗಿಲನ್ನೂ ತಟ್ಟುತ್ತಲೇ ಇರಬೇಕೆಂದಿಲ್ಲ. ಪರೀಕ್ಷೆಗೆ ಓದುವವರು ನೋಟ್‌ಬುಕ್ಕಿನ ಆ ಸಾಲನ್ನು ಹೊಡೆದುಹಾಕಿ, ಆಗು, ಮಾಡು, ಇರು ಎಂದು ಮೂರು ಕಲಂ ಎಳೆಯಿರಿ. ವಾಕ್ಯದ ಖಾಲಿ ಜಾಗದ ಮುಂದೆ ‘ಫ್ರಮ್’ ಇದೆಯೋ, ಕರ್ಮ ಇದೆಯೋ ನೋಡಿದರೆ ಸರಿಯಾದ ಪದ ತಾನಾಗಿ ಹೊಳೆಯುತ್ತದೆ.

ಮೊಬೈಲಿನಲ್ಲಿ ಕೆಳಗೆ, ಬಹಳ ಕೆಳಗೆ ಜಾರಿಹೋದ ಚಾಟ್ ಒಂದು ಎಲ್ಲರಲ್ಲೂ ಇರುತ್ತದೆ. ಅದನ್ನು ತೆರೆದು ‘ಯಾಕೆ ಅವಾಯ್ಡ್ ಮಾಡ್ತಿದ್ದೀಯ?’ ಎಂದು ಕೇಳುವ ಬದಲು ‘ಹೇಗಿದ್ದೀಯ, ಬಹಳ ದಿನ ಆಯ್ತಲ್ಲ’ ಎಂದು ಕೇಳಿನೋಡಿ. ಮೊದಲನೆಯ ಪ್ರಶ್ನೆಗೆ ಬರುವುದು ಸಮಜಾಯಿಷಿ. ಎರಡನೆಯದಕ್ಕೆ ಉತ್ತರ ಬಂದೇ ಬರುತ್ತದೆ ಎಂದು ಹೇಳಲಾರೆ. ಬಂದರೆ ಮಾತ್ರ ಅದು ನಿಜವಾದ ಉತ್ತರವಾಗಿರುತ್ತದೆ.